ಗಂಟಲು ನೋಯುತ್ತಿದ್ದರೆ ಮೊದಲು ಶ್ರುತಿ ನೋಡಿ

(ರಾಯಚೂರಿನಲ್ಲಿ ಹೊಸದಾಗಿ ಹಾಡು ಕಲಿಯುತ್ತಿರುವವರ ಮುಂದೆ ಆಡಿದ ಮಾತು ಇದು. ಹಾಡಿ ತೋರಿಸಿದ ಭಾಗಗಳನ್ನು ಬರಹದಲ್ಲಿ ಬಿಟ್ಟಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ರಾಗದ ಬಗ್ಗೆ ಮಾತಾಡುವುದಿಲ್ಲ, ತಾಳದ ಬಗ್ಗೆಯೂ ಇಲ್ಲ. ನೋವಿನ ಬಗ್ಗೆ ಮಾತಾಡೋಣ.

ಹಾಡು ಕಲಿಯೋಕೆ ಬಂದವರಲ್ಲಿ ಎಷ್ಟೋ ಜನ ಕೆಲವೇ ತಿಂಗಳಲ್ಲಿ ಸುಮ್ನೆ ಮಾಯವಾಗುತ್ತಾರೆ. ಕೇಳಿದರೆ ಟೈಮ್ ಇಲ್ಲ ಅನ್ನುತ್ತಾರೆ. ಇನ್ನೂ ಸ್ವಲ್ಪ ಕೆದಕಿದರೆ ನಿಜ ಹೊರಗೆ ಬರುತ್ತದೆ. ಹಾಡಿದ ಮೇಲೆ ಗಂಟಲು ಉರಿಯುತ್ತಿತ್ತು, ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು, ಅರ್ಧ ತಾಸು ಕೂತರೆ ಕಾಲು ಜೋಮು ಹಿಡಿಯುತ್ತಿತ್ತು. ಇದನ್ನು ಗುರುಗಳ ಹತ್ತಿರ ಹೇಳಿಕೊಳ್ಳೋಕೆ ಸಂಕೋಚ. ಹೇಳಿಕೊಂಡರೂ ನಮ್ಮ ಕಡೆ ಸಿಗುವ ಉತ್ತರ ಗೊತ್ತೇ ಇದೆ: "ರೂಢಿ ಆಗ್ತದ, ಹಾಡ್ರಿ."

ರೂಢಿ ಆಗಬೇಕಾದ ನೋವು ಬೇರೆ, ನಿಲ್ಲಿಸಬೇಕಾದ ನೋವು ಬೇರೆ. ಪಕ್ಕೆಲುಬಿನ ಸುತ್ತ, ಹೊಟ್ಟೆಯ ಸ್ನಾಯುಗಳಲ್ಲಿ ಆಯಾಸ ಆದರೆ ಹೆದರಬೇಡಿ. ಅದು ಹೊಸ ಕೆಲಸ ಕಲಿಯುತ್ತಿರುವ ಮೈಯ ಆಯಾಸ. ಗಂಟಲೊಳಗೆ ಉರಿ, ಚುಚ್ಚು, ಹಾಡಿ ಮುಗಿಸಿದ ಮೇಲೆ ಮಾತಾಡೋ ದನಿಯೂ ಒಡೆಯುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಗಂಟಲು ಕೆಂಪಾಗುವಷ್ಟು ಹಾಡಿದರೇ ಸಾಧನೆ ಅನ್ನೋ ನಂಬಿಕೆ ಇದೆಯಲ್ಲ, ಅದರಿಂದ ಹಾಳಾದ ದನಿಗಳು ಬಹಳ.

ಗಂಟಲಲ್ಲಿ ಏನು ನಡೆಯುತ್ತದೆ ಅಂತ ಸ್ವಲ್ಪ ತಿಳಿದುಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ಶ್ವಾಸನಾಳದ ಮೇಲ್ತುದಿಯಲ್ಲಿ ಎರಡು ಮೆತ್ತನೆಯ ಮಡಿಕೆಗಳಿವೆ. ಅವೇ ಧ್ವನಿತಂತುಗಳು. ಉದ್ದ ಗಂಡಸರಲ್ಲಿ ಹೆಚ್ಚುಕಡಿಮೆ ಎರಡು ಸೆಂಟಿಮೀಟರ್, ಹೆಂಗಸರಲ್ಲಿ ಒಂದೂವರೆ ಸೆಂಟಿಮೀಟರ್ ಆಸುಪಾಸು, ಅಷ್ಟೇ. ಜೀವಂತ ಮನುಷ್ಯನ ಗಂಟಲಲ್ಲಿ ಇವು ಹಾಡುವಾಗ ಹೇಗೆ ಆಡುತ್ತವೆ ಅಂತ ಚೆನ್ನಾಗಿ ನೋಡಿ ಬರೆದಿಟ್ಟವರು ಡಾಕ್ಟರಲ್ಲ, ಒಬ್ಬ ಸಂಗೀತ ಮೇಷ್ಟ್ರು. ಹೆಸರು ಮ್ಯಾನ್ಯುಯೆಲ್ ಗಾರ್ಸಿಯಾ. 1854ರಲ್ಲಿ ಅವರು ಹಲ್ಲಿನ ಡಾಕ್ಟರು ಬಳಸುವ ಪುಟ್ಟ ಕನ್ನಡಿಯನ್ನು ತಮ್ಮ ಗಂಟಲಿನೊಳಗೆ ಹಿಡಿದರು. ಇನ್ನೊಂದು ಕನ್ನಡಿಯಿಂದ ಬಿಸಿಲು ಬಿಟ್ಟುಕೊಂಡು ತಮ್ಮ ಧ್ವನಿತಂತುಗಳನ್ನು ತಾವೇ ನೋಡಿದರು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಅದರ ವರದಿ ಹೋಯಿತು. ಹಾಡು ಕಲಿಸುವವರು ಗಂಟಲಿನ ಬಗ್ಗೆ ತಿಳಿದುಕೊಳ್ಳುವುದು ಇವತ್ತಿನ ಫ್ಯಾಷನ್ ಅಲ್ಲ ಅಂತ ಹೇಳೋಕೆ ಈ ಕಥೆ.

ಈಗ ಒಂದು ಲೆಕ್ಕ ಹಾಕೋಣ. ಕಾಳಿ ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಕೀಯನ್ನು ಸಾ ಮಾಡಿಕೊಂಡು, ಹಾಡುವ ಗಂಡಸು ಮಧ್ಯ ಸಪ್ತಕದ (ನಡುವಿನ ಏಳು ಸ್ವರಗಳ ಗುಂಪಿನ) ಸಾ ಹಿಡಿದಾಗ ಈ ತಂತುಗಳು ಸೆಕೆಂಡಿಗೆ ಸುಮಾರು 139 ಸಲ ಕೂಡಿ ಬಿಡುತ್ತವೆ. ಕಾಳಿ ಐದರಲ್ಲಿ ಹಾಡುವ ಹೆಣ್ಣುಮಗಳ ಸಾದಲ್ಲಿ 233 ಸಲ. ತಾರ ಸಾಗೆ, ಅಂದರೆ ಮೇಲಿನ ಸಪ್ತಕದ ಸಾಗೆ, ಹೋದರೆ ನೇರ ಎರಡರಷ್ಟು. ಒಂದು ತಾಸು ಅಭ್ಯಾಸದಲ್ಲಿ ಅರ್ಧ ತಾಸು ನಿಜವಾಗಿ ದನಿ ಬಿಟ್ಟಿರಿ, ಬರೀ ಸಾದಲ್ಲೇ ನಿಂತಿರಿ ಅಂದುಕೊಳ್ಳಿ. ಗಂಡಸಿಗೆ ಎರಡೂವರೆ ಲಕ್ಷ ಸಲ, ಹೆಣ್ಣುಮಗಳಿಗೆ ನಾಲ್ಕು ಲಕ್ಷಕ್ಕೂ ಜಾಸ್ತಿ ಸಲ ಆ ಮಡಿಕೆಗಳು ಒಂದಕ್ಕೊಂದು ತಾಗಿರುತ್ತವೆ. ಹಗುರವಾಗಿ ತಾಗಿದರೆ ಏನೂ ಆಗುವುದಿಲ್ಲ, ಅವು ಇರೋದೇ ಅದಕ್ಕೆ. ಒತ್ತಿ ಹೊಡೆದರೆ ಊದಿಕೊಳ್ಳುತ್ತವೆ. ಊದಿಕೊಂಡ ತಂತು ಸರಿಯಾಗಿ ಕೂಡುವುದಿಲ್ಲ, ನಡುವೆ ಗಾಳಿ ಸೋರುತ್ತದೆ, ದನಿ ಗೊಗ್ಗರಾಗುತ್ತದೆ. ಆಗ ನಾವು ಇನ್ನೂ ಒತ್ತುತ್ತೇವೆ.

ಹಾಗಾದರೆ ಒತ್ತುವುದು ಯಾಕೆ? ನನ್ನ ಅನುಭವದಲ್ಲಿ ಮೊದಲ ಕಾರಣ ಗಂಟಲಲ್ಲಿ ಇಲ್ಲ, ಹಾರ್ಮೋನಿಯಂನಲ್ಲಿದೆ. ತಮಗೆ ಹೊಂದದ ಶ್ರುತಿಯಲ್ಲಿ ಹಾಡುವುದು. ಶ್ರುತಿ ಅಂದರೆ ಯಾವ ಕೀಯನ್ನು ಸಾ ಅಂತ ಇಟ್ಟುಕೊಂಡು ಹಾಡುತ್ತೀರೋ ಅದು.

ನಮ್ಮಲ್ಲಿ ಶ್ರುತಿ ಹೇಗೆ ಗೊತ್ತಾಗುತ್ತದೆ ನೋಡಿ. ಗುರುಗಳ ಶ್ರುತಿಯೇ ಶಿಷ್ಯರ ಶ್ರುತಿ. ಇಲ್ಲದಿದ್ದರೆ ಮೊಬೈಲಿನ ತಾನಪೂರಾ ಆಪ್ ತೆರೆದಾಗ ಯಾವುದು ಬಂತೋ ಅದು. ಇಲ್ಲವೇ ಯೂಟ್ಯೂಬಿನಲ್ಲಿ ಕೇಳಿದ ದೊಡ್ಡ ಗಾಯಕರ ಶ್ರುತಿ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ದನಿ ಕೇಳಿ ಮರುಳಾದ ಹುಡುಗಿಯರು ಕೆಳಗಿನ ಶ್ರುತಿಯಲ್ಲಿ ಗಂಟಲು ಒತ್ತಿ ದಪ್ಪ ದನಿ ತೆಗೆಯುವುದನ್ನು ನೋಡಿದ್ದೇನೆ. ಗಂಗೂಬಾಯಿಯವರಿಗೂ ಮೊದಲು ಸಣ್ಣ ದನಿಯೇ ಇತ್ತು. ಗಂಟಲಿಗೆ ಚಿಕಿತ್ಸೆ ಆದ ಮೇಲೆ ದನಿ ದಪ್ಪಗಾಯಿತು. ಬದಲಾದ ಆ ದನಿಗೆ ತಕ್ಕ ಹಾಗೆ ಅವರು ತಮ್ಮ ಹಾಡಿಕೆಯನ್ನು ಕಟ್ಟಿಕೊಂಡರು. ಅವರಿಂದ ಕಲಿಯಬೇಕಾದದ್ದು ಅದನ್ನ, ಆ ದಪ್ಪ ದನಿಯನ್ನಲ್ಲ.

ನಿಮ್ಮ ಶ್ರುತಿ ಹುಡುಕೋದು ಕಷ್ಟವಲ್ಲ. ಗಂಟಲು ಒತ್ತದೆ, ಗರಗರ ಅನ್ನದೆ, "ಆ" ಅಂತ ಎಷ್ಟು ಕೆಳಗೆ ಸ್ಪಷ್ಟವಾಗಿ ನಿಲ್ಲಿಸಬಲ್ಲಿರಿ ನೋಡಿ. ಹಾರ್ಮೋನಿಯಂನಲ್ಲಿ ಆ ಕೀ ಹುಡುಕಿ. ಅದನ್ನು ಮಂದ್ರ ಪಂಚಮ, ಅಂದರೆ ಕೆಳಗಿನ ಸಪ್ತಕದ ಪಾ, ಅಂದುಕೊಳ್ಳಿ. ಅಲ್ಲಿಂದ ಕಪ್ಪು ಬಿಳಿ ಎರಡೂ ಸೇರಿಸಿ ಐದು ಕೀ ಮೇಲೆ ಬಂದರೆ ನಿಮ್ಮ ಸಾ. ಆ ಸಾ ಇಟ್ಟುಕೊಂಡು ಮೇಲೆ ತಾರ ಗಾಂಧಾರದ (ಮೇಲಿನ ಸಪ್ತಕದ ಗಾ) ತನಕ ಹೋಗಿ ನೋಡಿ. ಗದ್ದ ಮೇಲೆತ್ತದೆ, ಹುಬ್ಬು ಗಂಟಿಕ್ಕದೆ ಹೋಗೋಕೆ ಆಗದಿದ್ದರೆ ಒಂದು ಕೀ ಇಳಿಸಿ. ಒಂದೇ ಒಂದು ಕೀ ಇಳಿಸಿದ್ದಕ್ಕೆ ವರ್ಷದ ಗಂಟಲು ನೋವು ಹೋದವರಿದ್ದಾರೆ. ಈ ಶ್ರುತಿ ಶಾಶ್ವತವೂ ಅಲ್ಲ. ದನಿ ಪಳಗಿದ ಹಾಗೆ ಏರಬಹುದು, ವಯಸ್ಸಾದ ಹಾಗೆ ಇಳಿಯಬಹುದು. ಶ್ರುತಿ ಇಳಿಸಿದರೆ ಮರ್ಯಾದೆ ಇಳಿಯುವುದಿಲ್ಲ.

ಇಲ್ಲಿ ಗಂಡು ಹುಡುಗರ ತಂದೆತಾಯಿ ಇದ್ದರೆ ಒಂದು ಮಾತು. ಹನ್ನೆರಡರಿಂದ ಹದಿನೈದರ ನಡುವೆ ಹುಡುಗರ ಧ್ವನಿತಂತುಗಳಿರುವ ಗಂಟಲಿನ ಗೂಡು ಬೆಳೆಯುತ್ತದೆ, ದನಿ ಹೆಚ್ಚುಕಡಿಮೆ ಒಂದು ಸಪ್ತಕ ಕೆಳಗಿಳಿಯುತ್ತದೆ. ಆ ಹೊತ್ತಲ್ಲಿ ಹಾಡಿದರೆ ಸ್ವರ ಜಾರುತ್ತದೆ, ದನಿ ಮಧ್ಯದಲ್ಲೇ ಒಡೆಯುತ್ತದೆ. "ಇವನು ಮೊದಲು ಚಲೋ ಹಾಡ್ತಿದ್ದ, ಈಗ ಕೆಟ್ಟ" ಅಂತ ಎಲ್ಲರೆದುರು ಅನ್ನಬೇಡಿ. ಹಳೇ ಶ್ರುತಿಗೆ ಎಳೆಯಲೂ ಬೇಡಿ. ಕಡಿಮೆ ಹೊತ್ತು, ಮಧ್ಯದ ನಾಲ್ಕೈದು ಸ್ವರಗಳಲ್ಲಿ ಹಾಡಿಸಿ. ತಾಳ, ಬಂದಿಶ್ (ರಾಗದಲ್ಲಿ ಕಟ್ಟಿದ ಪದ) ಪಾಠ ಮಾಡಿಸೋಕೆ ಅದು ಒಳ್ಳೇ ಕಾಲ.

ಈ ಹಂತದಲ್ಲಿ ಭಜನಾ ಮಂಡಳಿಯ ಒಬ್ಬ ತಾಯಿ ಎದ್ದು ಕೇಳಿದರು: "ಸರ, ನಮ್ಮಲ್ಲಿ ಗಂಡಸ್ರು ಹೆಣ್ಮಕ್ಳು ಎಲ್ಲಾರೂ ಕೂಡೇ ಹಾಡ್ತೀವ್ರಿ. ಒಬ್ಬೊಬ್ಬರಿಗೆ ಒಂದೊಂದು ಶ್ರುತಿ ಎಲ್ಲಿಂದ ತರೋಣ್ರಿ?"

ಒಳ್ಳೇ ಪ್ರಶ್ನೆ ಅಕ್ಕ. ನಮ್ಮ ಜಿಲ್ಲೆ ದಾಸರ ಜಿಲ್ಲೆ. ವಿಜಯದಾಸರು ಮಾನ್ವಿ ಕಡೆಯ ಚೀಕಲಪರ್ವಿಯವರು, ಜಗನ್ನಾಥದಾಸರೂ ಮಾನ್ವಿ ಸೀಮೆಯವರೇ. ಊರೂರಿಗೆ ಭಜನಾ ಮಂಡಳಿ ಇರುವ ನಾಡಿದು. ಆದರೆ ಗುಂಪಿನ ಭಜನೆಯಲ್ಲಿ ಆಗೋದು ಏನು? ಮುಂದೆ ಹಾಡುವವರ ಶ್ರುತಿಗೆ ಎಲ್ಲರೂ ಬೀಳುತ್ತಾರೆ. ಹೆಂಗಸರಿಗೆ ಹೊಂದುವ ಶ್ರುತಿ ಆದರೆ ಗಂಡಸರು ಮೇಲೆ ಕೂಗುತ್ತಾರೆ. ಗಂಡಸರದಾದರೆ ಹೆಂಗಸರು ಕೆಳಗೆ ತಡಕಾಡುತ್ತಾರೆ. ಅದಕ್ಕೆ ಸುಲಭದ ದಾರಿ ಅಂದರೆ ಪದ ಹಂಚಿಕೊಳ್ಳುವುದು. ನಾಲ್ಕು ಪದ ಹೆಂಗಸರ ಶ್ರುತಿಯಲ್ಲಿ, ನಾಲ್ಕು ಗಂಡಸರದರಲ್ಲಿ. ಹೊಂದದ ಪದಕ್ಕೆ ಮೆಲ್ಲಗೆ ದನಿಗೂಡಿಸಿ, ಇಲ್ಲವೇ ತಾಳ ಹಾಕಿ. ಎಲ್ಲಾ ಸಾಲನ್ನೂ ಪೂರ್ತಿ ದನಿಯಲ್ಲಿ ಹಾಡಲೇಬೇಕು ಅಂತ ಹರಕೆ ಏನಿಲ್ಲ.

ಭಜನೆಯಲ್ಲಿ ಇನ್ನೊಂದು ಅಪಾಯ ಸದ್ದು. ಸುತ್ತ ತಾಳ, ತಬಲಾ, ಮೇಲೆ ಸ್ಪೀಕರ್. ಸುತ್ತ ಸದ್ದಿದ್ದರೆ ಮನುಷ್ಯ ತನಗೇ ಗೊತ್ತಿಲ್ಲದೆ ದನಿ ಏರಿಸುತ್ತಾನೆ. ನಿಮ್ಮ ದನಿ ನಿಮಗೆ ಕೇಳದಿದ್ದರೆ ಏರಿಸಬೇಡಿ, ಒಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಳ್ಳಿ. ದನಿ ಒಳಗಿಂದ ಕೇಳುತ್ತದೆ. ಹಳೇ ಗಾಯಕರ ಫೋಟೋಗಳಲ್ಲಿ ಕಿವಿಗೆ ಕೈ ಇಟ್ಟಿರೋದನ್ನು ನೋಡಿದ್ದೀರಲ್ಲ, ಅದರಲ್ಲಿ ಉಪಯೋಗವೂ ಇದೆ.

ದೂರಕ್ಕೆ ಕೇಳಿಸೋದು ಬೇರೆ, ಜೋರಾಗಿ ಕೂಗೋದು ಬೇರೆ. ಕಂಪನಿ ನಾಟಕದ ಕಾಲದಲ್ಲಿ ಮೈಕ್ ಇಲ್ಲದೆ ಕೊನೇ ಸಾಲಿಗೆ ಪದ ಮುಟ್ಟಿಸುತ್ತಿದ್ದರು. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಅವರ ರಂಗಗೀತೆ ಕೇಳಿದವರಿಗೆ ಆ ದನಿಯ ಕಸುವು ಗೊತ್ತು. ಮನುಷ್ಯನ ಕಿವಿ 3000 ಹರ್ಟ್ಜ್ ಆಸುಪಾಸಿನಲ್ಲಿ ಬಹಳ ಚುರುಕು. ಬಾಯಿ, ಗಂಟಲಿನ ಜಾಗ ಸರಿಯಾಗಿ ತೆರೆದುಕೊಂಡು ದನಿಗೆ ಆ ಭಾಗದ ಮೊನಚು ಸಿಕ್ಕರೆ ಕಡಿಮೆ ಶ್ರಮದಲ್ಲಿ ದೂರ ಹೋಗುತ್ತದೆ. ಅದು ನಿಧಾನಕ್ಕೆ ಬರುವ ವಿದ್ಯೆ. ಕೂಗಿದರೆ ಬರುವುದಿಲ್ಲ.

"ದರೋಜಿ ಈರಮ್ಮ ರಾತ್ರಿಯಿಡೀ ಬುರ್ರಕಥಾ ಹೇಳ್ತಿದ್ರು, ಅವರಿಗೆ ಯಾರು ಇದನ್ನೆಲ್ಲ ಕಲಿಸಿದ್ರು?" ಅಂತ ಒಬ್ಬ ಹಿರಿಯರು ಹಿಂದಿನಿಂದ ಕೇಳಿದರು. ಯಾರೂ ಭಾಷಣ ಮಾಡಿ ಕಲಿಸಿಲ್ಲ, ನಿಜ. ಆದರೆ ಬುರ್ರಕಥೆ ಹೇಗಿದೆ ನೋಡಿ. ಮುಖ್ಯವಾಗಿ ಕಥೆ ಹೇಳುವವರು ಒಬ್ಬರು, ಪಕ್ಕದಲ್ಲಿ ದನಿಗೂಡಿಸುವವರು ಇಬ್ಬರು. ಪದ ಆದ ಮೇಲೆ ಮಾತು, ಮಾತಾದ ಮೇಲೆ ಪದ. ಮುಖ್ಯ ಗಾಯಕಿಗೆ ಉಸಿರು ತಿರುಗಿಸಿಕೊಳ್ಳೋಕೆ ಜಾಗ ಆ ಕಟ್ಟಿನಲ್ಲೇ ಇದೆ. ಚಿಕ್ಕಂದಿನಿಂದ ಅದರಲ್ಲೇ ಬೆಳೆದ ಮೈ ಬೇರೆ. ನಾವು ಮಾಡೋದು? ವಾರಪೂರ್ತಿ ಬಾಯಿ ಮುಚ್ಚಿಕೊಂಡಿದ್ದು ಭಾನುವಾರ ಒಂದೇ ಸಮ ಎರಡು ತಾಸು. ಹೊಸಬರಿಗೆ ದಿನಕ್ಕೆ ಹದಿನೈದು ನಿಮಿಷದ ಎರಡು ಬಾರಿಯ ಅಭ್ಯಾಸ ಸಾಕು. ಉಳಿದ ಹೊತ್ತಲ್ಲಿ ಕೇಳಿ. ಕೇಳೋದೂ ಅಭ್ಯಾಸವೇ.

ಈಗ ಮೈಗೆ ಬರೋಣ. ಸೈಕಲ್ ಕಲಿಯುವಾಗ ಹ್ಯಾಂಡಲನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿ ಹಿಡಿಯುತ್ತೇವಲ್ಲ, ಹೊಸದಾಗಿ ಹಾಡುವವರೂ ಹಾಗೇ. ಸ್ವರ ತಪ್ಪುತ್ತದೆ ಅನ್ನೋ ಭಯಕ್ಕೆ ದವಡೆ, ನಾಲಿಗೆ, ಭುಜ, ಕಾಲ್ಬೆರಳು ಎಲ್ಲವನ್ನೂ ಬಿಗಿ ಹಿಡಿಯುತ್ತಾರೆ. ಸ್ವರಕ್ಕೆ ಇದರಲ್ಲಿ ಯಾವುದೂ ಬೇಡ.

ನಾಲಿಗೆ ಎಲ್ಲಕ್ಕಿಂತ ಮೋಸಗಾರ. ಬಾಯಲ್ಲಿ ಕಾಣೋದು ತುದಿ ಮಾತ್ರ. ಅದರ ಬುಡ ಗದ್ದದ ಕೆಳಗಿರುವ ಒಂದು ಪುಟ್ಟ ಎಲುಬಿಗೆ ಅಂಟಿಕೊಂಡಿದೆ. ಗಂಟಲಿನ ಗೂಡು ತೂಗುಬಿದ್ದಿರೋದೂ ಅದೇ ಎಲುಬಿನಿಂದ. ನಾಲಿಗೆ ಹಿಂದಕ್ಕೆ ಎಳೆದುಕೊಂಡರೆ ಗೂಡಿನ ಮೇಲೆ ಒತ್ತಡ ಬೀಳುತ್ತದೆ. ಪರೀಕ್ಷೆ ಮಾಡೋಣ, ಎಲ್ಲರೂ ಹೆಬ್ಬೆರಳನ್ನು ಗದ್ದದ ಕೆಳಗಿನ ಮೆತ್ತನೆ ಜಾಗದಲ್ಲಿ ಇಡಿ. ಈಗ ಸರಿಗಮ ಹಾಡುತ್ತಾ ಮೇಲೆ ಹೋಗಿ. ಬೆರಳಡಿ ಗಟ್ಟಿ ಆಯ್ತಾ? ಆಗಿದ್ದರೆ ನಾಲಿಗೆ ಒತ್ತುತ್ತಿದೆ. ನಾಲಿಗೆ ತುದಿಯನ್ನು ಕೆಳಹಲ್ಲಿಗೆ ತಾಗಿಸಿ, ಸುಮ್ನೆ ಮಲಗಿಸಿಟ್ಟು ಮತ್ತೆ ಹಾಡಿ. ಮೊದಮೊದಲು ಸ್ವರ ಸ್ವಲ್ಪ ಸಪ್ಪೆ ಅನ್ನಿಸುತ್ತದೆ. ಅನ್ನಿಸಲಿ ಬಿಡಿ.

ತಾನ, ಅಂದರೆ ಸ್ವರಗಳ ವೇಗದ ಓಟ, ಹಾಡುವಾಗ ಗದ್ದ ಪಟಪಟ ಅಲ್ಲಾಡಿದರೆ ಅದೂ ಇಂಥದ್ದೇ. ಸ್ವರ ಒಡೆಯುವ ಕೆಲಸವನ್ನು ದವಡೆಗೆ ಕೊಟ್ಟಿದ್ದೀರಿ. ನಿಧಾನಗತಿಯಲ್ಲಿ ಸ್ವಚ್ಛವಾಗಿ ಬರದ ಅಲಂಕಾರ (ಸ್ವರ ಜೋಡಣೆಯ ಪಾಠ) ದುಗುಣದಲ್ಲಿ, ಅಂದರೆ ಎರಡರಷ್ಟು ವೇಗದಲ್ಲಿ, ಬರುವುದಿಲ್ಲ. ಬಂದ ಹಾಗೆ ಕಾಣುತ್ತದೆ ಅಷ್ಟೇ. ಕನ್ನಡಿ ಮುಂದೆ ಕೂತು ಹಾಡಿ, ಗುರುಗಳು ಹೇಳೋ ಮೊದಲೇ ನಿಮಗೆ ಕಾಣುತ್ತದೆ.

"ಹೊಟ್ಟೆಯಿಂದ ಹಾಡು" ಅನ್ನೋ ಮಾತನ್ನು ಕೇಳಿ ಕೇಳಿ ಹೊಟ್ಟೆ ಒಳಕ್ಕೆ ಎಳೆದು ಗಾಳಿ ನೂಕುವವರು ಬಹಳ. ಗಾಳಿ ಇರೋದು ಶ್ವಾಸಕೋಶದಲ್ಲಿ. ಉಸಿರು ತಗೊಂಡಾಗ ಕೆಳಪಕ್ಕೆಲುಬು ಅಗಲವಾಗಬೇಕು, ಹೊಟ್ಟೆ ಸ್ವಲ್ಪ ಮುಂದೆ ಬರಬೇಕು, ಭುಜ ಏರಬಾರದು. ಅಷ್ಟೇ ಗುಟ್ಟು. ತುಂಬಿ ತುಳುಕುವಷ್ಟು ಉಸಿರೂ ಬೇಡ. ಜಾಸ್ತಿ ತುಂಬಿದರೆ ಆ ಒತ್ತಡ ತಡೆಯೋಕೆ ಧ್ವನಿತಂತುಗಳೇ ಬಿಗಿಯಬೇಕಾಗುತ್ತದೆ. ಮೇಲಿಂದ ಮೇಲೆ ದೊಡ್ಡ ಉಸಿರು ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ತಿರುಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಇದನ್ನು ಬಿ.ಪಿ. ಅಂತ, ದೃಷ್ಟಿ ಅಂತ ತಿಳಿದು ಹೆದರಿದವರಿದ್ದಾರೆ. ಸ್ವಲ್ಪ ನಿಲ್ಲಿಸಿ, ಮಾಮೂಲಿ ಉಸಿರಾಡಿ, ಸರಿಹೋಗುತ್ತದೆ. ಹಾಡದೇ ಇದ್ದಾಗಲೂ ತಲೆ ತಿರುಗಿದರೆ ಮಾತ್ರ ಡಾಕ್ಟರ ಹತ್ತಿರ ಹೋಗಿ.

ಕೂರೋ ರೀತಿ. ಚಕ್ಕಳಮಕ್ಕಳ ಹಾಕಿದಾಗ ಮಂಡಿ ಸೊಂಟಕ್ಕಿಂತ ಮೇಲಿದ್ದರೆ ಬೆನ್ನು ತಾನೇ ಗೂನಾಗುತ್ತದೆ, ಪಕ್ಕೆಲುಬು ಅಗಲವಾಗೋಕೆ ಜಾಗ ಸಿಗುವುದಿಲ್ಲ. ಕೆಳಗೊಂದು ದಪ್ಪ ದಿಂಬು ಇಲ್ಲವೇ ಮಡಚಿದ ಕಂಬಳಿ ಹಾಕಿ ಸೊಂಟ ಮೇಲೆ ಬರುವ ಹಾಗೆ ಕೂತರೆ ಅರ್ಧ ಬೆನ್ನುನೋವು ಅಲ್ಲೇ ಮುಗಿಯುತ್ತದೆ. ಹಾರ್ಮೋನಿಯಂ ತಾವೇ ನುಡಿಸಿಕೊಂಡು ಹಾಡುವವರ ಎಡಗೈ ಗಾಳಿ ಹಾಕುವ ಬಾತೆಯ ಮೇಲೆ, ಬಲಗೈ ಕೀ ಮೇಲೆ, ಕಣ್ಣು ನೆಲದ ಮೇಲಿನ ನೋಟ್‌ಬುಕ್ಕಿನಲ್ಲಿ. ಮೈ ತಿರುಚಿ, ಕತ್ತು ಬಗ್ಗಿಸಿ ತಾರ ಸಾ ಹುಡುಕಿದರೆ ಅದು ಸಿಗೋದು ಹೇಗೆ? ಮನೆಯಲ್ಲಿ ಪುರಾಣ ಓದುವ ವ್ಯಾಸಪೀಠ ಇದ್ದರೆ ನೋಟ್‌ಬುಕ್ ಅದರ ಮೇಲಿಡಿ. ಅಭ್ಯಾಸದಲ್ಲಿ ಕೆಲವು ದಿನ ಹಾರ್ಮೋನಿಯಂ ಬದಿಗಿಟ್ಟು ಬರೀ ತಾನಪೂರಾ ಜೊತೆ ಹಾಡಿ. ಮಂಡಿನೋವಿನ ತಾಯಂದಿರು ಕುರ್ಚಿಯಲ್ಲಿ ಕೂತು ಹಾಡಿ. ಸರಸ್ವತಿ ಸಿಟ್ಟಾಗುವುದಿಲ್ಲ.

ಇನ್ನು ತಿನ್ನೋ ಕುಡಿಯೋ ವಿಚಾರ. ಇದಕ್ಕೇ ಜನ ಕಾಯುತ್ತಿದ್ದರು ಅಂತ ಕಾಣುತ್ತದೆ, ಪ್ರಶ್ನೆಗಳು ಒಟ್ಟಿಗೇ ಬಂದವು. ಜೇಷ್ಠಮಧು, ಕಲ್ಲುಸಕ್ಕರೆ, ಮೆಣಸು, ಬಿಸಿನೀರು, ಯಾವುದು ಒಳ್ಳೇದು ಸರ?

ನುಂಗಿದ್ದು ಯಾವುದೂ ಧ್ವನಿತಂತುಗಳಿಗೆ ತಾಗುವುದಿಲ್ಲ. ನುಂಗುವಾಗ ಆ ದಾರಿ ಮುಚ್ಚಿಕೊಳ್ಳುತ್ತದೆ. ತಪ್ಪಿ ಒಂದು ಹನಿ ಹೋದರೂ ಕೆಮ್ಮು ಹತ್ತುತ್ತದಲ್ಲ, ಅದೇ ಸಾಕ್ಷಿ. ಕಲ್ಲುಸಕ್ಕರೆ ಬಾಯಲ್ಲಿಟ್ಟರೆ ಜೊಲ್ಲು ಊರಿ ಹಿತ ಅನ್ನಿಸುತ್ತದೆ, ಅಷ್ಟು ಸಾಕು. ಜೇಷ್ಠಮಧು ದಿನಾ ಜಾಸ್ತಿ ತಿಂದರೆ ಬಿ.ಪಿ. ಏರುತ್ತದೆ, ಬಿ.ಪಿ. ಇರುವವರು ಹುಷಾರು. ನೀರು ಒಳಗಿಂದ ಕೆಲಸ ಮಾಡುತ್ತದೆ, ಅದಕ್ಕೆ ತಾಸುಗಟ್ಟಲೆ ಬೇಕು. ವೇದಿಕೆ ಮೇಲೆ ಕುಡಿದ ಗುಟುಕು ಬಾಯಿಗೆ ಮಾತ್ರ. ನಮ್ಮೂರ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಸಂಜೆ ಹಾಡೋದಿದ್ದರೆ ಬೆಳಗಿನಿಂದಲೇ ನೀರು ಕುಡಿಯುತ್ತಾ ಬನ್ನಿ. ತಂತುಗಳಿಗೆ ನೇರ ಮುಟ್ಟೋದು ಬಿಸಿನೀರಿನ ಹಬೆ. ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್ ಹತ್ತಿರ ಕೆಲಸ ಮಾಡುವವರು, ಬಳ್ಳಾರಿಯ ಗಣಿ ಕಡೆಯವರು ಹಾಡುವ ಮುಂಚೆ ಐದು ನಿಮಿಷ ಹಬೆ ತಗೊಂಡರೆ ವ್ಯತ್ಯಾಸ ಗೊತ್ತಾಗುತ್ತದೆ. ಗುಟ್ಕಾ, ಬೀಡಿ ಬಗ್ಗೆ ನಾನು ಹೇಳಬೇಕಿಲ್ಲ.

ಒಗ್ಗರಣಿ-ಮಿರ್ಚಿ ಬಿಡಿ ಅಂತ ಈ ಊರಲ್ಲಿ ಹೇಳೋ ಧೈರ್ಯ ನನಗಿಲ್ಲ. ರಾತ್ರಿ ಹತ್ತಕ್ಕೆ ತಿಂದು ಹತ್ತೂವರೆಗೆ ಮಲಗೋದನ್ನು ಬಿಡಿ. ಹೊಟ್ಟೆಯ ಹುಳಿ ಮೇಲೆ ಬಂದು ಗಂಟಲಿಗೆ ತಾಗಿದರೆ ಬೆಳಿಗ್ಗೆ ದನಿ ಗೊಗ್ಗರು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಆಗ ನಾವು ಖ್ಯಾಕ್ ಖ್ಯಾಕ್ ಅಂತ ಕ್ಯಾಕರಿಸುತ್ತೇವೆ. ಕ್ಯಾಕರಿಸುವುದು ತಂತುಗಳನ್ನು ಒಂದಕ್ಕೊಂದು ಬಡಿದ ಹಾಗೆ. ಅದರಿಂದ ಇನ್ನಷ್ಟು ಕೆರೆತ, ಮತ್ತೆ ಕ್ಯಾಕರಿಕೆ. ಒಂದು ಗುಟುಕು ನೀರು ಕುಡಿದು ನುಂಗಿಬಿಡಿ. ಊಟಕ್ಕೂ ನಿದ್ದೆಗೂ ಮೂರು ತಾಸು ಅಂತರವಿರಲಿ.

ಬೆಳಗಿನ ಜಾವದ ರಿಯಾಜ್ (ಹಾಡಿನ ಅಭ್ಯಾಸ) ಬಗ್ಗೆಯೂ ಕೇಳಿದರು. ರಾತ್ರಿ ಮಲಗಿದ್ದಾಗ ತಂತುಗಳಲ್ಲಿ ಸ್ವಲ್ಪ ನೀರು ತುಂಬಿ ದಪ್ಪಗಾಗಿರುತ್ತವೆ, ಅದಕ್ಕೇ ಎದ್ದ ಕೂಡಲೇ ದನಿ ಕೆಳಗಿರುತ್ತದೆ. ಆಗ ಮಂದ್ರದಲ್ಲಿ ಮೆಲ್ಲಗೆ ಹಾಡೋದು ಸರಿ. ಹಿರಿಯರು ಖರಜ್, ಅಂದರೆ ಕೆಳಗಿನ ಸ್ವರಗಳ, ಅಭ್ಯಾಸಕ್ಕೆ ಆ ಹೊತ್ತು ಇಟ್ಟದ್ದು ಸುಮ್ಮನೆ ಅಲ್ಲ. ಎದ್ದ ಹತ್ತು ನಿಮಿಷಕ್ಕೆ ತಾರ ಸಪ್ತಕಕ್ಕೆ ಏರಬೇಡಿ.

ದನಿ ಬಿಚ್ಚೋಕೆ ನಾನು ಎಲ್ಲರಿಗೂ ಮಾಡಿಸೋದು ಒಂದೇ. ಜ್ಯೂಸ್ ಕುಡಿಯೋ ಸಣ್ಣ ಸ್ಟ್ರಾ, ಅರ್ಧ ಲೋಟ ನೀರು. ಸ್ಟ್ರಾ ನೀರಲ್ಲಿ ಎರಡು ಬೆರಳಷ್ಟು ಮುಳುಗಿರಲಿ. ಅದರೊಳಗೆ "ಊ" ಅಂತ ಸಾ ಹಿಡಿಯಿರಿ, ಗುಳ್ಳೆ ಒಂದೇ ಸಮ ಬರಲಿ. ಆಮೇಲೆ ಮೆಲ್ಲಗೆ ಪಂಚಮದ ತನಕ ಹೋಗಿ ಬನ್ನಿ. ಸ್ಟ್ರಾದಲ್ಲಿ ಗಾಳಿಗೆ ತಡೆ ಇರೋದರಿಂದ ಆ ಒತ್ತಡ ಹಿಂದಕ್ಕೆ ಬಂದು ತಂತುಗಳು ಹಗುರವಾಗಿ ಕೂಡುತ್ತವೆ. ಕೂಗಿದರೆ ಗುಳ್ಳೆ ಎಗರಿ ಮುಖಕ್ಕೆ ನೀರು ಬೀಳುತ್ತದೆ. ಮಕ್ಕಳಿಗೆ ಇದು ಬಹಳ ಇಷ್ಟ, ಬೇಕಂತಲೇ ಕೂಗುತ್ತಾರೆ.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು? ನೆಗಡಿ ಹೋದ ಮೇಲೂ ಮೂರು ವಾರ ದನಿ ಸರಿಹೋಗದಿದ್ದರೆ ಹೋಗಲೇಬೇಕು. ಹಾಡುತ್ತಿದ್ದಾಗ, ಕೂಗಿದಾಗ ಫಕ್ಕನೆ ದನಿ ನಿಂತುಹೋದರೆ, ಉಗುಳಿನಲ್ಲಿ ರಕ್ತ ಬಂದರೆ, ನುಂಗೋಕೆ ಉಸಿರಾಡೋಕೆ ಕಷ್ಟವಾದರೆ, ಕುತ್ತಿಗೆಯಲ್ಲಿ ಗಡ್ಡೆ ಕಂಡರೆ ಅವತ್ತೇ ಹೋಗಿ. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಕಿವಿ ಮೂಗು ಗಂಟಲಿನ ಡಾಕ್ಟರು ಅಲ್ಲಿದ್ದಾರೆ. ತಂತುಗಳಲ್ಲಿ ಗಂಟು ಅಂದಾಕ್ಷಣ ಆಪರೇಷನ್ ಅಂತ ಹೆದರಬೇಡಿ. ಹಾಡಿ, ಕೂಗಿ ಬಂದ ಗಂಟುಗಳು ಬಹಳ ಸಲ ದನಿ ಬಳಸುವ ರೀತಿ ತಿದ್ದಿಕೊಂಡರೆ ಕರಗುತ್ತವೆ. ಅದನ್ನು ತಿದ್ದಿಸೋದು ಸ್ಪೀಚ್ ಥೆರಪಿಸ್ಟರ ಕೆಲಸ. ಮೈಸೂರಿನಲ್ಲಿ 1965ರಿಂದ ಇದಕ್ಕೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಕೊನೆಗೆ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದಳು. "ಸರ, ಬರೋ ವಾರ ಕಾಂಪಿಟಿಷನ್ ಐತ್ರಿ. ಗಂಟಲು ಈಗಾಗ್ಲೇ ಕೂತದ. ನೋವಿನ ಗುಳಿಗಿ ತಗೊಂಡು ಹಾಡಲ್ರಿ?"

ಬೇಡ ತಂಗಿ. ನೋವು ಗೊತ್ತಾಗದಿದ್ದರೆ ಎಲ್ಲಿ ನಿಲ್ಲಿಸಬೇಕು ಅಂತ ನಿನಗೇ ಗೊತ್ತಾಗೋದಿಲ್ಲ. ಆಸ್ಪಿರಿನ್ ತರಹದ ಕೆಲವು ಗುಳಿಗೆಗಳಿಂದ ಊದಿದ ತಂತುಗಳಲ್ಲಿ ರಕ್ತ ಒಸರುವ ಅಪಾಯವೂ ಇದೆ. ಮೂರು ದಿನ ಹಾಡಬೇಡ, ಸಾಹಿತ್ಯ ಮನಸ್ಸಲ್ಲೇ ಓದಿಕೋ. ಮಾತು ಕಡಿಮೆ ಮಾಡು, ಪಿಸುಮಾತೂ ಬೇಡ, ಅದಕ್ಕೂ ಗಂಟಲು ಬಿಗಿಯುತ್ತದೆ. ನಾಲ್ಕನೇ ದಿನ ಸ್ಟ್ರಾದಿಂದ ಶುರು ಮಾಡು. ಆಗಲೂ ನೋವಿದ್ದರೆ ಕಾಂಪಿಟಿಷನ್ ಬಿಡು, ಮತ್ತೊಂದು ಬರುತ್ತದೆ. ನೋವಿಲ್ಲದಿದ್ದರೆ ಶ್ರುತಿ ಒಂದು ಕೀ ಇಳಿಸಿ ಹಾಡು. ಹಾರ್ಮೋನಿಯಂ ನುಡಿಸುವವರಿಗೆ ಅದನ್ನ ವೇದಿಕೆ ಹತ್ತುವ ಮುಂಚೆ ಹೇಳು. ಹತ್ತಿದ ಮೇಲೆ ಹೇಳಿದರೆ ಅವರು ಕೇಳಿಸಿಕೊಳ್ಳೋದಿಲ್ಲ.